ಬ್ಯಾಂಕ್ಸಿಯಾ ಬೀದಿಯ ಹದಿನಾಲ್ಕು ಮನೆ

ಬರಂಗಾ, ವಿಕ್ಟೋರಿಯಾ
೨೦ ನವೆಂಬರ್ ೧೯೬೦

ಪ್ರೀತಿಯ ಲಿಂಡ್ಸೆ,

ಹುಟ್ಟುಹಬ್ಬದ ಶುಭಾಶಯ ಕೊನೆಯಲ್ಲಿ ಹೇಳುತ್ತೇನೆ. ಮೊದಲು ಜಗಳ.

ಮಂಗಳವಾರ ಸಂಜೆ ಊಟಕ್ಕೆ ಕೂತಿದ್ದೆವು. ಹೊಸ ಕಾರಿನ ಮೇಲಿನ ಮಾರಾಟ ತೆರಿಗೆ ನೂರಕ್ಕೆ ಮೂವತ್ತರಿಂದ ನಲವತ್ತಕ್ಕೆ ಏರಿತು ಎಂದು ರೇಡಿಯೊದಲ್ಲಿ ಹೇಳಿದರು. ವೆರ್ನ್ ಕೈಯಲ್ಲಿದ್ದ ಫೋರ್ಕ್ ಕೆಳಗಿಟ್ಟ. "ಕ್ಯಾನ್‌ಬೆರಾದಲ್ಲಿ ಕೂತಿದಾನಲ್ಲ ನಿನ್ ತಮ್ಮ, ಅವನನ್ನೇ ಕೇಳು. ಅಲ್ಲಿ ಒಬ್ಬನಿಗಾದ್ರೂ ತಲೆ ನೆಟ್ಟಗಿದೆಯಾ ಅಂತ," ಎಂದ. ಅದಕ್ಕೇ ಕೇಳುತ್ತಿದ್ದೇನೆ.

ನಿನ್ನ ಭಾವ ಹನ್ನೊಂದು ವರ್ಷದಿಂದ ಕಾರಿಗೆ ಬಣ್ಣ ಹೊಡೆದು ನಮ್ಮನ್ನು ಸಾಕಿದ್ದಾನೆ. ಈ ಊರಿನಲ್ಲಿ ಎರಡು ಮನೆಗೆ ಒಂದು ಮನೆ ಆ ಕಾರಿನ ಕಾರ್ಖಾನೆಯ ಸೈರನ್ ಕೇಳಿ ಏಳುತ್ತದೆ. ಜನ ಕಾರು ಕೊಳ್ಳಬಾರದು ಎಂದು ಸರ್ಕಾರವೇ ತೆರಿಗೆ ಹಾಕಿದರೆ, ವೆರ್ನ್ ಯಾವುದಕ್ಕೆ ಬಣ್ಣ ಹೊಡೆಯಬೇಕು? ಕೋಳಿಗಳಿಗಾ?

ನಮ್ಮ ಹುಡುಗಿ ಕೋರಲ್ ತರಗತಿಗೇ ಎರಡನೆಯವಳಾಗಿ ಪಾಸಾದಳು. ಇನ್ನೆರಡು ವರ್ಷಕ್ಕೆ ಮೆಟ್ರಿಕ್, ಆಮೇಲೆ ಟೀಚರ್ ಆಗುತ್ತಾಳಂತೆ. ನಮ್ಮ ಮನೆತನದಲ್ಲಿ ಅಷ್ಟು ಓದಿದವನು ನೀನೊಬ್ಬನೇ. ಅವಳು ನಿನ್ನಷ್ಟು ಕಗ್ಗಂಟಾಗಿ ಮಾತಾಡುವವಳಾಗದಿದ್ದರೆ ಸಾಕು.

ಹುಟ್ಟುಹಬ್ಬದ ಶುಭಾಶಯ.

ನಿನ್ನ ಅಕ್ಕ,
ಮೆರ್ಲ್

•

ಕ್ಯಾನ್‌ಬೆರಾ
೨೭ ನವೆಂಬರ್ ೧೯೬೦

ಪ್ರೀತಿಯ ಅಕ್ಕ,

ಶುಭಾಶಯಕ್ಕೂ ಜಗಳಕ್ಕೂ ವಂದನೆ. ಭಾವನಿಗೆ ಹೀಗೆ ಹೇಳು. ಈಗ ದೇಶದಲ್ಲಿ ಎಲ್ಲರೂ ಒಂದೇ ಸಲ ಎಲ್ಲವನ್ನೂ ಕೊಳ್ಳಲು ಹೊರಟಿದ್ದಾರೆ. ನಾವು ತಯಾರಿಸಬಲ್ಲದ್ದಕ್ಕಿಂತ ಹೆಚ್ಚು ಕೇಳುತ್ತಿದ್ದಾರೆ. ಹಾಗಾದಾಗ ಬೆಲೆ ಏರುತ್ತದೆ, ಹೊರದೇಶದ ಸಾಮಾನು ನುಗ್ಗುತ್ತದೆ. ಆಗ ತೆರಿಗೆ ಏರಿಸಿ ಜನರ ಕೈಯಿಂದ ಸ್ವಲ್ಪ ದುಡ್ಡು ಹಿಂದಕ್ಕೆ ಎಳೆಯಬೇಕಾಗುತ್ತದೆ. ಮುಂದೆ ಬೇಡಿಕೆ ಕುಸಿದರೆ ಇದೇ ಸರ್ಕಾರ ತೆರಿಗೆ ಇಳಿಸಿ, ತಾನೇ ಖರ್ಚು ಮಾಡಿ ಮೇಲೆತ್ತುತ್ತದೆ. ಎರಡು ಕಡೆಗೂ ತಿರುಗುವ ನಲ್ಲಿ, ಅಷ್ಟೇ.

ನಾಲ್ಕಾರು ತಿಂಗಳ ಮಾತು. ಕಾರ್ಖಾನೆಯವರು ಕೈ ನುರಿತ ಬಣ್ಣದವರನ್ನು ಅಷ್ಟು ಸುಲಭಕ್ಕೆ ಬಿಡುವುದಿಲ್ಲ.

ಇದನ್ನೆಲ್ಲ ತೀರ್ಮಾನಿಸುವವರು ನನಗಿಂತ ಬಹಳ ಮೇಲಿನವರು. ಖಜಾನೆ ಇಲಾಖೆಯಲ್ಲಿ ನಾನು ಬರೀ ಕೂಡಿ ಕಳೆಯುವವನು. ಕೋರಲ್‌ಗೆ ಒಂದು ಒಳ್ಳೆಯ ನಿಘಂಟು ಕಳಿಸುತ್ತಿದ್ದೇನೆ.

ನಿನ್ನ ತಮ್ಮ,
ಲಿಂಡ್ಸೆ

•

ಬರಂಗಾ
೧೨ ಫೆಬ್ರವರಿ ೧೯೬೧

ಪ್ರೀತಿಯ ಲಿಂಡ್ಸೆ,

ಬರೆಯುವುದು ತಡವಾಯಿತು. ನಿಘಂಟು ತಲುಪಿದೆ, ಇಟ್ಟಿಗೆಯಷ್ಟು ದಪ್ಪಗಿದೆ.

ಇಲ್ಲಿ ಬಿಸಿಲೋ ಬಿಸಿಲು. ವೆರ್ನ್ ಬೇಲಿಗೆ ಬಣ್ಣ ಹೊಡೆದ. ಆಮೇಲೆ ಅಂಚೆ ಪೆಟ್ಟಿಗೆಗೆ ಹೊಡೆದ, ಹಿತ್ತಲ ಕಕ್ಕಸಿಗೂ ಎರಡು ಕೈ ಹೊಡೆದ. ಕಕ್ಕಸು ಈಗ ರಾಣಿ ಬಂದರೂ ಕೂರುವ ಹಾಗಿದೆ. ಮುಂದಿನ ವಾರ ಗೆಳೆಯರ ಜೊತೆ ಮಿಲ್ಡ್ಯೂರಾ ಕಡೆ ಹೋಗುತ್ತಾನಂತೆ, ಆರು ವಾರ. ಅಲ್ಲಿ ದ್ರಾಕ್ಷಿ ಕಾಲ. ಒಳ್ಳೆಯ ಗಾಳಿ, ಬಣ್ಣ ಕುಡಿದ ಶ್ವಾಸಕೋಶಕ್ಕೆ ಒಳ್ಳೆಯದು.

ನಾವೆಲ್ಲ ಚೆನ್ನಾಗಿದ್ದೇವೆ.

ಮೆರ್ಲ್

•

ಕ್ಯಾನ್‌ಬೆರಾ
೫ ಮಾರ್ಚ್ ೧೯೬೧

ಪ್ರೀತಿಯ ಅಕ್ಕ,

ನಾನು ಹೇಳಿರಲಿಲ್ಲವೇ! ಕಾರಿನ ತೆರಿಗೆ ಮತ್ತೆ ಮೂವತ್ತಕ್ಕೆ ಇಳಿಯಿತು. ಮೂರೇ ತಿಂಗಳು. ಇನ್ನು ನಿಮ್ಮ ಕಾರ್ಖಾನೆ ಮೊದಲಿನಂತೆ ಓಡುತ್ತದೆ.

ಭಾವ ಇಷ್ಟು ವರ್ಷಕ್ಕೆ ಒಂದು ಉದ್ದದ ರಜೆ ತೆಗೆದುಕೊಂಡರಲ್ಲ, ಓದಿ ಸಂತೋಷವಾಯಿತು. ಬೇಲಿ, ಕಕ್ಕಸು, ಈಗ ದ್ರಾಕ್ಷಿ ತೋಟ! ನನಗಂತೂ ಈ ವರ್ಷ ಸಮುದ್ರ ನೋಡುವ ಯೋಗವೂ ಇಲ್ಲ. ಬರುವಾಗ ಒಣದ್ರಾಕ್ಷಿ ತಂದರೆ ನನಗೂ ಒಂದು ಪೊಟ್ಟಣ ಕಳಿಸು.

ಲಿಂಡ್ಸೆ

•

ಬರಂಗಾ
೧೮ ಜೂನ್ ೧೯೬೧

ಲಿಂಡ್ಸೆ,

ನಿನ್ನ ಮಾರ್ಚ್ ತಿಂಗಳ ಕಾಗದ ಅಡುಗೆಮನೆ ಕಪಾಟಿನ ಮೇಲೆ ಮೂರು ತಿಂಗಳು ಕೂತಿತ್ತು. ನಿನ್ನೆ ವೆರ್ನ್ ಅದನ್ನು ಓದಿದ. ಗಟ್ಟಿಯಾಗಿ ಓದಿದ. "ಉದ್ದದ ರಜೆ" ಎನ್ನುವಲ್ಲಿಗೆ ನಿಲ್ಲಿಸಿ, ಹೊರಗೆ ಹೋಗಿ ಸೌದೆ ಒಡೆಯತೊಡಗಿದ. ನಮಗೆ ಸೌದೆ ಬೇಕಾಗಿರಲಿಲ್ಲ.

ಅವನನ್ನು ಜನವರಿ ಇಪ್ಪತ್ತೇಳಕ್ಕೇ ಕೆಲಸದಿಂದ ತೆಗೆದರು ಕಣೋ. ಅವನ ಜೊತೆಗೆ ಇನ್ನೂರ ಹತ್ತು ಜನ. ಮಿಲ್ಡ್ಯೂರಾಕ್ಕೆ ಹೋದದ್ದು ಗಾಳಿ ಕುಡಿಯಲಲ್ಲ, ಕೂಲಿಗೆ ದ್ರಾಕ್ಷಿ ಕೀಳಲು. ಐದನೇ ವಾರಕ್ಕೆ ಸೊಂಟ ಹಿಡಿದುಕೊಂಡು ವಾಪಸ್ ಬಂದ. ತೆರಿಗೆ ಇಳಿದ ತಕ್ಷಣ ಕಾರ್ಖಾನೆ ಓಡುತ್ತದೆ ಎಂದು ಬರೆದಿದ್ದೀಯಲ್ಲ, ಯಾವ ಕಾರ್ಖಾನೆ? ಅಂಗಳದಲ್ಲಿ ಮಾರಾಟವಾಗದ ಕಾರುಗಳು ಸಾಲಾಗಿ ನಿಂತಿವೆ, ಮೇಲೆ ಕಡಲಕಾಗೆಗಳು ಕೂತಿವೆ. ಬ್ಯಾಂಕಿನವರು ಯಾರಿಗೂ ಸಾಲ ಕೊಡುತ್ತಿಲ್ಲ, ಕೊಡುತ್ತೇವೆಂದರೂ ಕೇಳುವ ಧೈರ್ಯ ಯಾರಿಗೂ ಇಲ್ಲ.

ನಾನು ಯಾಕೆ ಹೇಳಲಿಲ್ಲ ಎಂದು ಕೇಳಬೇಡ. ನೀನು ಅರ್ಥ ಮಾಡಿಕೊಳ್ಳುತ್ತೀಯ ಎಂದುಕೊಂಡಿದ್ದೆ. ಗಂಡಸು ವಾರದ ನಡುವೆ ಕಕ್ಕಸಿಗೆ ಎರಡು ಕೈ ಬಣ್ಣ ಹೊಡೆದ ಎಂದರೆ ಅವನಿಗೆ ಕೆಲಸವಿಲ್ಲ ಎಂದು ಗೊತ್ತಾಗಲು ಯೂನಿವರ್ಸಿಟಿ ಬೇಕಾ?

ಕಳೆದ ವಾರ ಉದ್ಯೋಗ ಕಚೇರಿಗೆ ನಾನೂ ಜೊತೆಗೆ ಹೋಗಿದ್ದೆ. ಕಿಟಕಿಯ ಹಿಂದೆ ಮೀಸೆ ಸರಿಯಾಗಿ ಬಾರದ ಒಬ್ಬ.

"ಬೇರೇನು ಗೊತ್ತು ನಿಮಗೆ?" ಎಂದ.

"ಬಣ್ಣ ಹೊಡೆಯೋದು," ಎಂದ ವೆರ್ನ್.

"ಅದು ಬರ್ದಾಯ್ತು. ಬೇರೇನು?"

"ಕಾಯೋದು. ಐದು ತಿಂಗಳಿಂದ ಚೆನ್ನಾಗಿ ಅಭ್ಯಾಸ ಆಗಿದೆ. ಅದನ್ನೂ ಬರ್ಕೊಳಿ."

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಒಣದ್ರಾಕ್ಷಿ ಕಳಿಸುತ್ತಿಲ್ಲ.

ಮೆರ್ಲ್

•

ಕ್ಯಾನ್‌ಬೆರಾ
೨೫ ಜೂನ್ ೧೯೬೧

ಅಕ್ಕ,

ನಿನ್ನ ಕಾಗದವನ್ನು ನಾಲ್ಕು ಸಲ ಓದಿದೆ. ನಾನು ಬರೆದದ್ದನ್ನು ವಾಪಸ್ ತೆಗೆದುಕೊಳ್ಳುವ ದಾರಿ ಇದ್ದಿದ್ದರೆ ಒಳ್ಳೆಯದಿತ್ತು. ಭಾವನ ಕ್ಷಮೆ ಕೇಳುತ್ತೇನೆ.

ನಮ್ಮ ಕಚೇರಿಯಲ್ಲಿ ಒಂದು ಅಂಕಿಗಾಗಿ ಹೊಡೆದಾಡುತ್ತಿದ್ದೇವೆ. ಇರುವ ಜನ, ಇರುವ ಯಂತ್ರ ಎಲ್ಲ ದುಡಿದರೆ ದೇಶ ಎಷ್ಟು ತಯಾರಿಸಬಲ್ಲದು, ನಿಜಕ್ಕೂ ಎಷ್ಟು ತಯಾರಿಸುತ್ತಿದೆ, ಇವೆರಡರ ನಡುವಿನ ಕೊರತೆ. ಅದು ಸಣ್ಣದು, ತಾನೇ ತುಂಬಿಕೊಳ್ಳುತ್ತದೆ ಎನ್ನುತ್ತಾರೆ ನನ್ನ ಮೇಲಧಿಕಾರಿ ಪಾರ್ಜಿಟರ್. ದೊಡ್ಡದು, ಸರ್ಕಾರ ಈಗಲೇ ಖರ್ಚು ಮಾಡದಿದ್ದರೆ ಬೆಳೆಯುತ್ತದೆ ಎನ್ನುತ್ತೇನೆ ನಾನು. ಆದರೆ ನಮ್ಮ ನಿರುದ್ಯೋಗಿಗಳ ಪಟ್ಟಿಯಲ್ಲಿ ಇರುವವರು ಉದ್ಯೋಗ ಕಚೇರಿಯಲ್ಲಿ ಹೆಸರು ನೋಂದಾಯಿಸಿದವರು ಮಾತ್ರ.

ಒಂದು ಉಪಕಾರ ಮಾಡು. ನಿನ್ನ ಬೀದಿಯ ಮನೆಮನೆಯಲ್ಲಿ ಯಾರು ದುಡಿಯುತ್ತಿದ್ದಾರೆ, ಯಾರು ಇಲ್ಲ ಎಂದು ಬರೆದು ಕಳಿಸುತ್ತೀಯಾ?

ಲಿಂಡ್ಸೆ

•

ಬರಂಗಾ
೯ ಜುಲೈ ೧೯೬೧

ಲಿಂಡ್ಸೆ,

ನನ್ನನ್ನು ಪತ್ತೇದಾರಿಣಿ ಮಾಡಿಬಿಟ್ಟೆ. ಸ್ಕೋನ್ ಬನ್ನು ಬೇಯಿಸಿ ತಟ್ಟೆ ಹಿಡಿದು ಮನೆಮನೆಗೆ ಹೋದೆ. ಸರ್ಕಾರಕ್ಕೆ ಖರ್ಚು ಮಾಡಲು ಕಷ್ಟವಂತೆ, ನನ್ನ ಹಿಟ್ಟು ಖರ್ಚಾಯಿತು.

ಬ್ಯಾಂಕ್ಸಿಯಾ ಬೀದಿಯಲ್ಲಿ ಹದಿನಾಲ್ಕು ಮನೆ. ಮೊದಲನೆಯದರಲ್ಲಿ ಹಾರ್ಟ್‌ನೆಲ್ ತಾತ, ಪಿಂಚಣಿಯವರು, ಅವರಿಗೆ ನಿಮ್ಮವರು ಇನ್ನೂ ಏನೂ ಮಾಡಿಲ್ಲ. ಮೂರನೆಯದರಲ್ಲಿ ಮಾಲ್ಟಾದಿಂದ ಬಂದ ಝಮಿತ್, ಕಾರಿನ ಸೀಟು ಹೊಲಿಯುತ್ತಿದ್ದ. ಈಗ ಕೆಲಸವಿಲ್ಲ, ಹೆಸರು ನೋಂದಾಯಿಸಿದ್ದಾನೆ, ಅವನೊಬ್ಬ ನಿನ್ನ ಪಟ್ಟಿಯಲ್ಲಿರಬೇಕು. ಐದನೆಯ ಮನೆಯ ಡಚ್ ಬಡಗಿ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಮೇ ತಿಂಗಳಲ್ಲಿ ಹಡಗು ಹತ್ತಿ ತನ್ನ ದೇಶಕ್ಕೇ ಹೋದ. ಮನೆ ಖಾಲಿ. ಖಾಲಿ ಮನೆ ನಿರುದ್ಯೋಗಿ ಅಲ್ಲವಲ್ಲ, ಅದನ್ನು ನೀನು ಎಲ್ಲಿ ಬರೆಯುತ್ತೀಯ? ಏಳನೆಯದರ ಟಲ್ಲೊ ವಾರಕ್ಕೆ ಮೂರು ದಿನ ಕೆಲಸಕ್ಕೆ ಹೋಗುತ್ತಾನೆ, ಉಳಿದ ನಾಲ್ಕು ದಿನ ಹೆಂಡತಿಯ ಮೇಲೆ ರೇಗುತ್ತಾನೆ.

ಒಂಬತ್ತನೆಯ ಮನೆ. ಗಂಡಸು ಮರದ ಅಡ್ಡೆಯಲ್ಲಿ ವಾರಕ್ಕೆರಡು ದಿನ ಹೊಟ್ಟು ಗುಡಿಸುತ್ತಾನೆ, ಹಾಗಾಗಿ ಕೆಲಸ ಉಂಟು ಎಂದೇ ಲೆಕ್ಕ. ಹೆಂಗಸು ಆಸ್ಪತ್ರೆಯ ಬಟ್ಟೆ ಒಗೆಯಲು ಕೇಳಿದಳು, ಮದುವೆಯಾದವರು ಬೇಡ ಎಂದರು. ಮಗಳು ಏಪ್ರಿಲ್‌ನಲ್ಲಿ ಶಾಲೆ ಬಿಟ್ಟಳು. ಪೇಟೆಯ ಡ್ರೈಕ್ಲೀನರ್ ಅಂಗಡಿಯಲ್ಲಿ ಇಸ್ತ್ರಿ ಹಾಕುತ್ತಾಳೆ. ಅವಳಿಗೂ ಕೆಲಸ ಉಂಟು ಎಂದು ಬರೆದುಕೋ.

ಹನ್ನೆರಡನೆಯ ಮನೆಯ ಮಿಸೆಸ್ ಓಟವೇ ಎಂಬಾಕೆಯನ್ನು ಶರ್ಟಿನ ಕಾರ್ಖಾನೆ ತೆಗೆಯಿತು. ಗಂಡನ ಸಂಬಳ ಬರುವುದರಿಂದ ನಿರುದ್ಯೋಗ ಭತ್ಯೆ ಸಿಗುವುದಿಲ್ಲ, ಭತ್ಯೆ ಇಲ್ಲದ ಮೇಲೆ ಸಾಲಿನಲ್ಲಿ ನಿಂತು ಏನು ಪ್ರಯೋಜನ ಎಂದು ಆಕೆ ಹೆಸರನ್ನೇ ಬರೆಸಿಲ್ಲ.

ಉಳಿದ ಮನೆಗಳ ವಿವರ ಬೇರೆ ಹಾಳೆಯಲ್ಲಿದೆ. ನಿನ್ನ ಪಟ್ಟಿಯ ಪ್ರಕಾರ ನಮ್ಮ ಬೀದಿಯಲ್ಲಿ ಕೆಲಸವಿಲ್ಲದವರು ಇಬ್ಬರು. ನಾನು ಎಣಿಸಿದರೆ ಅರ್ಧ ಕೆಲಸದವರೂ ಸೇರಿ ಹತ್ತು.

ಮೆರ್ಲ್

•

ಕ್ಯಾನ್‌ಬೆರಾ
೨೦ ಆಗಸ್ಟ್ ೧೯೬೧

ಅಕ್ಕ,

ಕೋರಲ್ ಶಾಲೆ ಬಿಟ್ಟದ್ದನ್ನು, ಯಾರದೋ ಮನೆಯ ಹಾಗೆ, ಒಂಬತ್ತನೆಯ ಮನೆ ಎಂದು ಪಟ್ಟಿಯ ನಡುವೆ ಬರೆದು ಮುಂದಿನ ಮನೆಗೆ ಹೋಗಿಬಿಟ್ಟೆಯಲ್ಲ. ನನ್ನನ್ನು ಒಂದು ಮಾತು ಕೇಳಬಾರದಿತ್ತಾ? ನಾನು ಒಂಟಿ, ಹಾಸ್ಟೆಲ್ಲಿನಲ್ಲಿ ಇರುವವನು. ಅವಳ ಖರ್ಚು ನನಗೆ ಭಾರವೇ ಅಲ್ಲ. ನಾಳೆಯೇ ಅವಳನ್ನು ಶಾಲೆಗೆ ಕಳಿಸು, ಎಲ್ಲ ನಾನು ನೋಡಿಕೊಳ್ಳುತ್ತೇನೆ.

ನಿನ್ನ ಬೀದಿಯನ್ನು ಮೇಲಿನವರಿಗೆ ಬರೆಯುತ್ತಿದ್ದ ಟಿಪ್ಪಣಿಗೆ ಸೇರಿಸಿದೆ. ಹೆಸರು ತೆಗೆದು, ಮನೆಯ ನಂಬರ್ ಮಾತ್ರ ಇಟ್ಟು, ಆರು ಪುಟ. ರಸ್ತೆ, ಶಾಲೆ, ನೀರಿನ ಕೆಲಸಗಳಿಗೆ ಈಗಲೇ ಹಣ ಬಿಡಿ, ಆದಾಯ ತೆರಿಗೆ ಇಳಿಸಿ, ಕೈ ಖಾಲಿ ಇರುವವರು ಇದ್ದಾರೆ, ಇದರಿಂದ ಬೆಲೆ ಏರುವುದಿಲ್ಲ ಎಂದು ಬರೆದೆ. ಪಾರ್ಜಿಟರ್ ಕನ್ನಡಕ ಮೇಲೆತ್ತಿ ನನ್ನನ್ನು ನೋಡಿ, "ಹಾಸ್ಕಿನ್, ಒಂದು ಬೀದಿ ಅನ್ನೋದು ಅಂಕಿಅಂಶ ಅಲ್ಲಪ್ಪ. ಅದು ಅಕ್ಕನ ಕಾಗದ," ಎಂದರು. ಬರೆದವರು ಯಾರೆಂದು ನಾನು ಹೇಳಿರಲಿಲ್ಲ, ಸ್ಕೋನ್ ವಿಷಯ ಓದಿ ಊಹಿಸಿದರಂತೆ. ಅದನ್ನು ತೆಗೆಯಲು ನನಗೆ ಮನಸ್ಸು ಬಂದಿರಲಿಲ್ಲ.

ಇನ್ನೊಂದು ಮಾತು. ಕಳೆದ ನವೆಂಬರ್‌ನಲ್ಲಿ ನಾನು ಕೂಡಿ ಕಳೆಯುವವನು ಮಾತ್ರ ಎಂದು ಬರೆದಿದ್ದೆ. ಕೂಡಿದ್ದು ಏನನ್ನು ಎಂದು ಬರೆದಿರಲಿಲ್ಲ. ತೆರಿಗೆ ಏರಿಸಿದರೆ ಕಾರಿನ ಮಾರಾಟ ಎಷ್ಟು ಇಳಿದೀತು ಎಂಬ ಕೋಷ್ಟಕ ನನ್ನದು. ನೂರಕ್ಕೆ ಹನ್ನೆರಡು ಎಂದು ಬರೆದೆ. ಇಳಿದದ್ದು ಅದರ ಮೂರು ಪಟ್ಟು. ಜನ ಕಾರನ್ನು ಮಾತ್ರ ಬಿಡುತ್ತಾರೆ ಎಂದು ಲೆಕ್ಕ ಹಾಕಿದ್ದೆ. ಹೆದರಿದವರು ಶರ್ಟನ್ನೂ ಬಿಡುತ್ತಾರೆ, ಹಾಗೆ ಹನ್ನೆರಡನೆಯ ಮನೆಯಾಕೆಯ ಕೆಲಸ ಹೋಗುತ್ತದೆ ಎಂಬುದು ನನ್ನ ಕೋಷ್ಟಕದಲ್ಲಿರಲಿಲ್ಲ.

ನಾನು ಹೇಳದಿದ್ದರೂ ಅವರು ತೆರಿಗೆ ಹಾಕುತ್ತಿದ್ದರೇನೋ. ಗೊತ್ತಿಲ್ಲ. ಭಾವನಿಗೆ ನೀನು ಹೇಳಬೇಕೋ ಬೇಡವೋ ಅದೂ ಗೊತ್ತಿಲ್ಲ.

ಲಿಂಡ್ಸೆ

•

ಬರಂಗಾ
೩ ಸೆಪ್ಟೆಂಬರ್ ೧೯೬೧

ಲಿಂಡ್ಸೆ,

ಹೇಳಿದೆ. ವೆರ್ನ್, "ಅವನೇನಾ?" ಎಂದ. ಅಷ್ಟೇ. ಆಮೇಲೆ, "ಅವನ ಕಾಗದ ಬಂದ್ರೆ ಇನ್ಮೇಲೆ ನನ್ ಮುಂದೆ ಓದ್ಬೇಡ," ಎಂದ.

ನಿನ್ನ ಹಣ ಬೇಡ. ಅಪ್ಪನ ಮನೆಯಿಂದ ಅನ್ನ ತಂದ ಹಾಗೆ ಎಂದು ನನಗೆ ಅನಿಸಬಹುದಿತ್ತು, ಅವನಿಗೆ ಹಾಗೆ ಅನಿಸುವುದಿಲ್ಲ. ಕೆಲಸ ಕಿತ್ತವನೇ ಈಗ ಮಗಳನ್ನು ಓದಿಸಲು ಬಂದ ಎಂದು ಅನಿಸುತ್ತದೆ.

ನೀನು ಕೆಟ್ಟವನಲ್ಲ ಎಂದು ನನಗೆ ಗೊತ್ತು. ಆದರೆ ಒಂಬತ್ತು ತಿಂಗಳು ನನ್ನ ಹತ್ತಿರ ನಲ್ಲಿಯ ಕಥೆ ಹೇಳುತ್ತಾ ಕೂತೆ, ನಲ್ಲಿ ತಿರುಗಿಸಿದ ಕೈಗಳಲ್ಲಿ ನಿನ್ನದೂ ಒಂದು ಎಂದು ಹೇಳಲಿಲ್ಲ. ಕೆಲವು ದಿನ ಬರೆಯಬೇಡ.

ಮೆರ್ಲ್

•

ಕ್ಯಾನ್‌ಬೆರಾ
೧೧ ಫೆಬ್ರವರಿ ೧೯೬೨

ಅಕ್ಕ,

ಐದು ತಿಂಗಳು ನಿನ್ನ ಮಾತು ಕೇಳಿ ಸುಮ್ಮನಿದ್ದೆ. ಈಗ ಬೈದರೂ ಸರಿ, ಇದು ಹೇಳಲೇಬೇಕಾದ ವಿಷಯ.

ಡಿಸೆಂಬರ್ ಚುನಾವಣೆಯಲ್ಲಿ ಸರ್ಕಾರ ಕೂದಲೆಳೆಯಲ್ಲಿ ಉಳಿಯಿತಲ್ಲ. ಅದಾದ ಮೇಲೆ ಇಲ್ಲಿ ಎಲ್ಲರಿಗೂ ಒಮ್ಮೆಲೇ ಕಣ್ಣು ಕಾಣಿಸತೊಡಗಿದೆ. ಆದಾಯ ತೆರಿಗೆಯಲ್ಲಿ ನೂರಕ್ಕೆ ಐದು ರಿಯಾಯಿತಿ. ಕಾರಿನ ತೆರಿಗೆ ಇಪ್ಪತ್ತೆರಡೂವರೆಗೆ ಇಳಿಯಿತು. ಉದ್ಯೋಗ ಕೊಡುವ ಕೆಲಸಗಳಿಗೆ ರಾಜ್ಯಗಳಿಗೆ ಹಣ, ಅದೂ ಜೂನ್ ಒಳಗೆ ಖರ್ಚು ಮಾಡಬೇಕಂತೆ! ಒಂದು ವರ್ಷ ಒಂದು ಸೇತುವೆಗೆ ಸಹಿ ಹಾಕದವರು ಈಗ ಸಲಿಕೆ ಹಿಡಿಯಬಲ್ಲವರ ಪಟ್ಟಿ ಎಲ್ಲಿ ಎಂದು ಓಡಾಡುತ್ತಿದ್ದಾರೆ. ಪಾರ್ಜಿಟರ್ ನನ್ನ ಮೇಜಿನ ಹತ್ತಿರ ಬಂದು, "ನಿಮ್ಮದೊಂದು ಟಿಪ್ಪಣಿ ಇತ್ತಲ್ಲ, ಬೀದಿಯದ್ದು, ಅದು ಎಲ್ಲಿಟ್ರಿ?" ಎಂದರು. ಅವರ ಕಪಾಟಿನಲ್ಲೇ ಇತ್ತು. ಮೊನ್ನೆ ಅವರದೇ ಮಾತಿನಂತೆ ಅದು ಮೇಲಕ್ಕೆ ಹೋಯಿತು. ಸ್ಕೋನ್ ಮಾತ್ರ ತೆಗೆದಿದ್ದಾರೆ.

ಕೂಗಾಡಬೇಕೆನಿಸಿತು. ಆದರೆ ನಿಮ್ಮ ಪೌರಸಭೆಗೂ ಹಣ ಬರುತ್ತದೆ. ಮುಂದಿನ ಸೋಮವಾರದಿಂದ ಹೆಸರು ಬರೆದುಕೊಳ್ಳಬಹುದು. ನಾನು ಹೇಳಿದೆ ಎಂದು ಹೇಳಬೇಡ, ಭಾವ ಬೇಗ ಹೋಗಲಿ.

ಲಿಂಡ್ಸೆ

•

ಬರಂಗಾ
೨೯ ಏಪ್ರಿಲ್ ೧೯೬೨

ಲಿಂಡ್ಸೆ,

ವೆರ್ನ್ ಹೋದ. ನೀನು ಹೇಳಿದೆ ಎಂದೇ ಹೇಳಿದೆ, ನನಗೆ ಮುಚ್ಚಿಡುವುದು ಸಾಕಾಗಿದೆ. "ಹೋಗ್ತೀನಿ. ಅವನಿಗೋಸ್ಕರ ಅಲ್ಲ," ಎಂದ.

ನಮ್ಮ ಬೀದಿಯ ಹಿಂದೆಯೇ ಚರಂಡಿ ತೋಡುತ್ತಿದ್ದಾರೆ. ಚಳಿಗಾಲದಲ್ಲಿ ಅಲ್ಲಿ ನೀರು ನಿಂತು ಹಿತ್ತಲೆಲ್ಲ ಕೆರೆಯಾಗುತ್ತಿತ್ತು, ಒಂಬತ್ತು ವರ್ಷದಿಂದ ಅರ್ಜಿ ಕೊಡುತ್ತಿದ್ದೆವು. ಮೊದಲ ದಿನ ಹನ್ನೊಂದು ಜನ, ಐದು ಸಲಿಕೆ. ಝಮಿತ್‌ನ ಸೂಜಿ ಹಿಡಿದ ಕೈಗೆ ಬೊಬ್ಬೆ ಬಂತು. ವೆರ್ನ್ ಮೇಸ್ತ್ರಿಗೆ, "ನಾವು ಸರದಿ ಮೇಲೆ ನಿರುದ್ಯೋಗಿಗಳಾಗ್ತೀವಿ ಬಿಡಿ, ಅಭ್ಯಾಸ ಇದೆ," ಎಂದನಂತೆ. ಎರಡನೆಯ ವಾರ ನಕ್ಷೆ ತಲೆಕೆಳಗಾಗಿದೆ ಎಂದು ಗೊತ್ತಾಗಿ ಮೂವತ್ತು ಗಜ ಮುಚ್ಚಿ ಮತ್ತೆ ತೋಡಿದರು. ನನಗೆ ಮೈಯೆಲ್ಲ ಉರಿಯಿತು. ಹೆಂಗಸರ ಕೈಗೆ ಕೊಟ್ಟಿದ್ದರೆ ಒಂದೇ ಸಲಕ್ಕೆ ಮುಗಿಯುತ್ತಿತ್ತು.

ಆದರೆ ಕೇಳು. ಶುಕ್ರವಾರ ಹನ್ನೊಂದು ಜನಕ್ಕೆ ಸಂಬಳ ಬಂತು. ವೆರ್ನ್ ಬೂಟು ಕೊಂಡ, ಹಳೆಯದರ ತಳ ಕಿತ್ತಿತ್ತು. ಶನಿವಾರ ಬೂಟಿನ ಅಂಗಡಿಯವನು ಕಟುಕನ ಅಂಗಡಿಯಲ್ಲಿ ನನ್ನ ಮುಂದೆ ನಿಂತು, ಎಷ್ಟೋ ತಿಂಗಳ ಮೇಲೆ ಕುರಿಯ ಇಡೀ ತೊಡೆ ಕೊಂಡ. ಆಮೇಲಿನ ವಾರ ಕಟುಕ ಕೆಲಸದಿಂದ ಬಿಡಿಸಿದ್ದ ಹುಡುಗಿಯನ್ನು ಮತ್ತೆ ಕೌಂಟರಿಗೆ ಕರೆದ. ಹನ್ನೆರಡನೆಯ ಮನೆಯ ಮಿಸೆಸ್ ಓಟವೇಯನ್ನೂ ಶರ್ಟಿನವರು ಕರೆದಿದ್ದಾರೆ. ನೀನು ಅಷ್ಟು ಕಾಗದ ಬರೆದರೂ ನನಗೆ ತಿಳಿಯದ್ದು ಕಟುಕನ ಅಂಗಡಿಯ ಸಾಲಿನಲ್ಲಿ ತಿಳಿಯಿತು. ಇಷ್ಟು ಸುಲಭವಿದ್ದರೆ ಇಷ್ಟು ದಿನ ಏನು ಮಾಡುತ್ತಿದ್ದರು ಇವರೆಲ್ಲ?

ಮೆರ್ಲ್

•

ಬರಂಗಾ
೯ ಸೆಪ್ಟೆಂಬರ್ ೧೯೬೨

ಪ್ರೀತಿಯ ಲಿಂಡ್ಸೆ,

ವೆರ್ನ್‌ನನ್ನು ಕಾರ್ಖಾನೆ ವಾಪಸ್ ಕರೆದಿದೆ. ಮೂರು ವಾರವಾಯಿತು.

ನೀನು ಪ್ರತಿ ಕಾಗದದಲ್ಲೂ ಕೋರಲ್ ವಿಷಯ ಕೇಳುತ್ತೀಯ, ನಾನು ಹಾರಿಸಿಬಿಡುತ್ತೇನೆ. ಈಗ ಹೇಳುತ್ತೇನೆ. ಮುಖ್ಯೋಪಾಧ್ಯಾಯಿನಿಯ ಹತ್ತಿರ ಹೋಗಿ ಮಾತಾಡಿದೆ. ಫೆಬ್ರವರಿಯಲ್ಲಿ ಶಾಲೆ ತೆರೆದಾಗ ಸೇರಿಸಿಕೊಳ್ಳುತ್ತೇನೆ ಎಂದರು. ಮನೆಗೆ ಓಡಿ ಬಂದು ಹೇಳಿದೆ. ಕೋರಲ್ ಕೋಟಿನ ಗುಂಡಿ ಹಾಕುತ್ತಾ ನಿಂತಿದ್ದಳು.

"ಬೇಡಮ್ಮ," ಎಂದಳು.

"ಖರ್ಚಿನ ಯೋಚನೆ ಬಿಡೇ. ಅಪ್ಪನಿಗೆ ಕೆಲಸ ಬಂತಲ್ಲ."

"ಖರ್ಚಲ್ಲಮ್ಮ. ನನ್ ಜೊತೆಯವರೆಲ್ಲ ಈ ವರ್ಷವೇ ಮೆಟ್ರಿಕ್ ಮುಗಿಸ್ತಾರೆ. ನಾನು ಹೋಗಿ ಚಿಕ್ಕ ಮಕ್ಕಳ ಜೊತೆ ಕೂರ್ಲಾ? ಅಂಗಡಿಯಲ್ಲಿ ನನ್ ಕೈ ಕೆಳಗೆ ಇಬ್ಬರಿದಾರೆ. ಹೋದದ್ದು ಹೋಯ್ತು ಬಿಡು."

ಸಿಟ್ಟಿನಿಂದ ಹೇಳಿದ್ದರೆ ನಾನೂ ಜಗಳವಾಡುತ್ತಿದ್ದೆ. ಸಮಾಧಾನವಾಗಿ, ದೊಡ್ಡವಳ ಹಾಗೆ ಹೇಳಿ ಕೆಲಸಕ್ಕೆ ಹೋದಳು. ನಾನು ಬಚ್ಚಲಿನಲ್ಲಿ ನೀರು ಬಿಟ್ಟುಕೊಂಡು ಅತ್ತೆ.

ನೀನು ಬಾ. ವೆರ್ನ್‌ಗೆ ಹೇಳಿದ್ದೇನೆ. ಬೇಡ ಎನ್ನಲಿಲ್ಲ.

ಮೆರ್ಲ್

•

ಕ್ಯಾನ್‌ಬೆರಾ
೧೪ ಅಕ್ಟೋಬರ್ ೧೯೬೨

ಪ್ರೀತಿಯ ಅಕ್ಕ,

ನಿಮ್ಮಲ್ಲಿಂದ ಕ್ಷೇಮವಾಗಿ ವಾಪಸ್ ತಲುಪಿದೆ. ನೀನು ಅಡುಗೆಮನೆಯಲ್ಲಿದ್ದಾಗ ನಾನೂ ಭಾವನೂ ಅಷ್ಟು ಹೊತ್ತು ಎಲ್ಲಿಗೆ ಹೋಗಿದ್ದೆವು ಎಂದು ನೀನು ಸ್ಟೇಷನ್ನಿನಲ್ಲಿ ಕೇಳಿದೆ. ಆಗ ಹೇಳಲಾಗಲಿಲ್ಲ.

ಭಾವ ನನ್ನನ್ನು ಚರಂಡಿ ತೋರಿಸಲು ಕರೆದುಕೊಂಡು ಹೋದರು. ಅದರ ಉದ್ದಕ್ಕೂ ನಡೆಸಿದರು. ಎಲ್ಲಿ ಕಲ್ಲು ಸಿಕ್ಕಿತು, ಎಲ್ಲಿ ಎರಡು ಸಲ ತೋಡಿದರು ಎಂದು ಕೈ ತೋರಿಸಿದರು ಅಷ್ಟೇ. ನಾನು ದಾರಿಯುದ್ದಕ್ಕೂ ಕ್ಷಮೆಯ ಮಾತುಗಳನ್ನು ಜೋಡಿಸಿಕೊಳ್ಳುತ್ತಿದ್ದೆ. ಕೊನೆ ಮುಟ್ಟಿದ ಮೇಲೆ, "ಭಾವ, ಕಳೆದ ಬಾರಿ ನಾನು ಹಾಕಿದ ಲೆಕ್ಕ..." ಎಂದು ಶುರು ಮಾಡಿದೆ.

"ಲೆಕ್ಕ ಬಿಡು," ಎಂದರು. "ತಪ್ಪು ಎಲ್ರೂ ಮಾಡ್ತಾರೆ. ನಾನೂ ಒಂದ್ಸಲ ಹಸಿರು ಕಾರಿಗೆ ನೀಲಿ ಬಾಗಿಲು ಹಾಕಿ ಕಳ್ಸಿದೀನಿ. ನನಗೆ ಅರ್ಥ ಆಗದ್ದು ಇನ್ನೊಂದಿದೆ, ನೀನು ಓದ್ದವನು, ಹೇಳು. ಈ ಚರಂಡಿ ಹೋದ್ ವರ್ಷವೂ ಬೇಕಿತ್ತು. ಈ ಮಣ್ಣು ಹೋದ್ ವರ್ಷವೂ ಇಲ್ಲೇ ಇತ್ತು. ನಾನೂ ಇಲ್ಲೇ ಇದ್ದೆ, ಅಗೋ ಆ ಬೇಲಿ ಹಿಂದೆ, ಕೈ ಕಟ್ಕೊಂಡು. ಮತ್ತೆ ಒಂದು ವರ್ಷ ಯಾವುದಕ್ಕೆ ಕಾದ್ರಯ್ಯ ನೀವೆಲ್ಲ?"

ಹದಿನೈದು ವರ್ಷದಿಂದ ಅದೇ ವಿಷಯವನ್ನು ಓದುತ್ತಿದ್ದೇನೆ ಅಕ್ಕ. ಅಧಿಕಾರಿಗಳು ಒಪ್ಪಲಿಲ್ಲ, ಅಂಕಿ ತಡವಾಗಿ ಬಂತು, ಬೆಲೆ ಏರೀತೆಂಬ ಭಯವಿತ್ತು ಎಂದು ಹೇಳಬಹುದಿತ್ತು. ಆಚೆ ಬೀದಿಯಲ್ಲಿ ಕೋರಲ್ ಕೆಲಸ ಮುಗಿಸಿ ಬರುತ್ತಿರುವುದು ಕಾಣಿಸಿತು. ನಮ್ಮನ್ನು ನೋಡಿ ಕೈ ಬೀಸಿದಳು.

ಭಾವ ನನ್ನ ಉತ್ತರಕ್ಕಾಗಿ ಸ್ವಲ್ಪ ಹೊತ್ತು ನಿಜವಾಗಿಯೂ ಕಾದರು. ಆಮೇಲೆ ನನ್ನ ಭುಜದ ಮೇಲೆ ಕೈಯಿಟ್ಟು, "ಬಾ, ಟೀ ಆರಿಹೋಗುತ್ತೆ," ಎಂದರು.

ನಿನ್ನ ತಮ್ಮ,
ಲಿಂಡ್ಸೆ